ಪಿಜಿ ಡಿಪ್ಲೊಮಾ ಮುಗಿಯಿತು, ವರ್ಕ್ ಪರ್ಮಿಟ್ ಸಿಗುತ್ತದಾ?

ದಾವಣಗೆರೆಯಲ್ಲಿ ಬಿಇ ಮುಗಿಸಿದ ಮಕ್ಕಳು ಕೆನಡಾ ಅಂದ ಕೂಡಲೇ ಮನೆಯಲ್ಲಿ ಮಾತು ದುಡ್ಡಿನ ಕಡೆ ಹೊರಳುತ್ತದೆ. ಎಷ್ಟು ಲಕ್ಷ ಬೇಕು? ಬ್ಯಾಂಕ್ ಎಷ್ಟು ಕೊಡುತ್ತೆ? ಚನ್ನಗಿರಿ ಕಡೆಯ ಅಡಿಕೆ ತೋಟದ ಪತ್ರ ಇಡಬೇಕಾ? ಸೇರುವ ಕೋರ್ಸಿಗೆ ಆಮೇಲೆ ವರ್ಕ್ ಪರ್ಮಿಟ್, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ, ಇದೆಯಾ ಅಂತ ಕೇಳುವವರು ಕಡಿಮೆ. ಸಾಲ ತೀರುವುದು ಆ ಪರ್ಮಿಟ್‌ನಿಂದಲೇ ಅಲ್ವಾ?

ಕೇಳದೇ ಇರುವುದಕ್ಕೂ ಕಾರಣ ಇದೆ. ಮೊದಲು ಅಲ್ಲಿ ಓದಿದವರಿಗೆ, ಓದಿಗೆ ಹೊಂದುವ ಕೆಲಸದ ಆಫರ್ ಕೈಯಲ್ಲಿದ್ದರೆ ಮಾತ್ರ ಪರ್ಮಿಟ್ ಸಿಗುತ್ತಿತ್ತು. 2008ರ ಏಪ್ರಿಲ್‌ನಲ್ಲಿ ಆ ಕಟ್ಟು ಸಡಿಲವಾಯಿತು. ಆಫರ್ ಬೇಡ, ಇಂಥದ್ದೇ ವಿಷಯ ಅಂತಲೂ ಇಲ್ಲ. ಎರಡು ವರ್ಷ ಓದಿದರೆ ಮೂರು ವರ್ಷದ ಪರ್ಮಿಟ್. ಹದಿನೈದು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. "ಯಾವ ಕೋರ್ಸಾದ್ರೂ ಸರಿ, ಸುಮ್ನೆ ಸೇರ್ಕೊ" ಅನ್ನುವ ಸಲಹೆ ಆಗ ನಡೆಯುತ್ತಿತ್ತು.

ಹೀಗೆ ಹೋದವರು ಜಾಸ್ತಿಯಾಗಿ ಅಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಾಯಿತು. 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಸ್ಟಡಿ ಪರ್ಮಿಟ್‌ಗಳಿಗೆ, ಅಂದರೆ ಅಲ್ಲಿ ಓದುವ ಅನುಮತಿಗೆ, ಮಿತಿ ಹಾಕಿತು. ಸರ್ಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜು ಕಲಿಸುವ ಕೋರ್ಸುಗಳಿಗೆ, ಆ ವರ್ಷದ ಮೇ 15ರಿಂದ ಸೇರಿದವರಿಗೆ ವರ್ಕ್ ಪರ್ಮಿಟ್ ಇಲ್ಲವಾಯಿತು.

ನಮ್ಮ ಮಕ್ಕಳಿಗೆ ಜಾಸ್ತಿ ತಟ್ಟಿದ್ದು 2024ರ ನವೆಂಬರ್ 1ರ ನಿಯಮ. ಆ ದಿನದಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವವರಿಗೆ ಆಮೇಲೆ ವರ್ಕ್ ಪರ್ಮಿಟ್ ಸಿಗಬೇಕಾದರೆ ಅವರ ಡಿಪ್ಲೊಮಾ ಕೋರ್ಸು ಸರ್ಕಾರದ ಪಟ್ಟಿಯಲ್ಲಿರಬೇಕು. ಆರೋಗ್ಯ, ಕೃಷಿ, ತಂತ್ರಜ್ಞಾನ, ಕುಶಲ ಕೆಲಸ, ಸಾರಿಗೆಯಂಥ ವಿಷಯಗಳಿಗೆ ಅದರಲ್ಲಿ ಜಾಗವಿದೆ. ಬಿಇ ಆದಮೇಲೆ ಮಾಡುವ ಪಿಜಿ ಡಿಪ್ಲೊಮಾ ಹೆಸರು ಕೇಳಿದರೆ ಡಿಗ್ರಿಗಿಂತ ಮೇಲಿನದು ಅನ್ನಿಸುತ್ತದೆ. ಕೆನಡಾದ ಲೆಕ್ಕದಲ್ಲಿ ಅದು ಡಿಗ್ರಿಯೇ ಅಲ್ಲ, ಹಾಗಾಗಿ ಪಟ್ಟಿಯ ನಿಯಮ ಅದಕ್ಕೂ ಇದೆ. ಇಲ್ಲಿ ಪಡೆದ ಬಿಇ ಈ ಲೆಕ್ಕಕ್ಕೆ ಬರುವುದಿಲ್ಲ. ಫೀಸ್ ಕಡಿಮೆ ಅಂತ ಪಟ್ಟಿಯಲ್ಲಿಲ್ಲದ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಹಿಡಿದವರು ಸಿಕ್ಕಿಬೀಳುವುದು ಇಲ್ಲೇ. ನನಗೆ ತುಂಬಾ ಸಂಕಟ ಆಗುವುದೂ ಇದಕ್ಕೇ. ಅದೇ ವರ್ಷ ಮಾಸ್ಟರ್ಸ್‌ಗೆ ಮಾತ್ರ ದಾರಿ ಅಗಲವಾಯಿತು. ಫೆಬ್ರವರಿ 15ರಿಂದ ಒಂದು ವರ್ಷದ ಮಾಸ್ಟರ್ಸ್‌ಗೂ ಮೂರು ವರ್ಷದ ಪರ್ಮಿಟ್ ಸಿಗುತ್ತದೆ.

ವರ್ಕ್ ಪರ್ಮಿಟ್‌ಗೆ ಇಂಗ್ಲಿಷ್ ಪರೀಕ್ಷೆಯನ್ನೂ ಸೇರಿಸಿದರು. ಯೂನಿವರ್ಸಿಟಿ ಡಿಗ್ರಿಗೆ ಕೆನಡಾದ ಭಾಷಾ ಮಟ್ಟ (ಸಿಎಲ್‌ಬಿ) 7, ಕಾಲೇಜು ಡಿಪ್ಲೊಮಾಗೆ 5. ಸೀಟಿಗಾಗಿ ಇಲ್ಲಿ ಬರೆದ ಐಇಎಲ್‌ಟಿಎಸ್ ಅಕಾಡೆಮಿಕ್ ಇದಕ್ಕೆ ನಡೆಯುವುದಿಲ್ಲ. ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್‌ನಂಥ, ಅವರು ಒಪ್ಪುವ ಪರೀಕ್ಷೆಯನ್ನು ಬೇರೆಯಾಗಿ ಬರೆಯಬೇಕು.

ಪಟ್ಟಿಯೂ ಬದಲಾಗುತ್ತಿರುತ್ತದೆ. ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ ದಿನ ನಿಮ್ಮ ವಿಷಯ ಅದರಲ್ಲಿದ್ದರೆ, ಆಮೇಲೆ ತೆಗೆದರೂ ನಡೆಯುತ್ತದೆ. ಹಾಗಾಗಿ ಆ ದಿನದ ಪಟ್ಟಿಯ ಒಂದು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಕೋರ್ಸಿಗೂ ಅದರ ವಿಷಯವನ್ನು ಗುರುತಿಸುವ ಆರು ಅಂಕಿಯ ಸಿಐಪಿ ಕೋಡ್ ಇರುತ್ತದೆ, ಪಟ್ಟಿಯಲ್ಲಿ ಹುಡುಕಬೇಕಾದ್ದು ಅದನ್ನೇ. ಫೀಸ್ ಕಟ್ಟುವ ಮೊದಲೇ ಅದನ್ನು ಕಾಲೇಜಿನಿಂದ ಬರಹದಲ್ಲಿ ಪಡೆದುಕೊಳ್ಳಿ. ತೋಟದ ಪತ್ರ ಬ್ಯಾಂಕಿಗೆ ಹೋಗುವುದು ಅದಾದ ಮೇಲೆ.