ಕಾಲಂ ಇಲ್ಲದವರ ಹಕ್ಕು: ಪರಿಕಲ್ಪನಾ ಮಾದರಿಗಳು ನಡೆದು ಬಂದ ದಾರಿ

ಕರ್ನಾಟಕದಲ್ಲಿ ಜಮೀನಿನ ವ್ಯವಹಾರಕ್ಕೆ ಕೈಹಾಕಿದ ಯಾರಿಗೂ ಪಹಣಿ ಹೊಸದಲ್ಲ. ಆರ್‌ಟಿಸಿ ಎಂದೂ ಕರೆಯುವ ಈ ಹಾಳೆಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೆಯದರಲ್ಲಿ ಸಾಲ ಮುಂತಾದ ಋಣಗಳು ಹಾಗೂ ಇತರ ಹಕ್ಕುಗಳು, 12ನೆಯದರಲ್ಲಿ ಆ ವರ್ಷ ಹೊಲವನ್ನು ಸಾಗುವಳಿ ಮಾಡಿದವರ ಹೆಸರು ಮತ್ತು ಬೆಳೆಯ ವಿವರ ಇರುತ್ತವೆ. ಮಾಲೀಕರೇ ಬೇರೆ, ಉಳುವವರೇ ಬೇರೆ ಆಗಿರಬಹುದು ಎಂಬುದನ್ನು ಈ ಹಾಳೆಯನ್ನು ರೂಪಿಸಿದವರು ಮೊದಲೇ ಒಪ್ಪಿಕೊಂಡಿದ್ದರು; ಆದ್ದರಿಂದಲೇ ಇಬ್ಬರಿಗೂ ಪ್ರತ್ಯೇಕ ಜಾಗ ಇಟ್ಟರು. ಭೂಸುಧಾರಣಾ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರು ಉಳುವ ನೆಲದ ಹಕ್ಕು ಕೋರುವ 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಎದುರು ನಿಂತಾಗ, ಸಾಗುವಳಿದಾರರ ಕಾಲಂನಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆಗೆ ಒಂದು ಸಂಸಾರದ ಬದುಕಿನಷ್ಟೇ ತೂಕ ಬಂತು. ಹಕ್ಕು ದಾಖಲೆಯ ನಮೂದು ತಪ್ಪೆಂದು ರುಜುವಾತಾಗುವವರೆಗೆ ಅದನ್ನು ಸರಿಯೆಂದೇ ಭಾವಿಸಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ. ಬಾಯಿಮಾತಿನ ಗೇಣಿಯ ಮೇಲೆ ಉಳುತ್ತಾ ಬಂದು, ಹೆಸರು ಮಾತ್ರ ಹಾಳೆಗೆ ಏರದೆ ಉಳಿದವರು ತಮ್ಮ ದುಡಿಮೆಯನ್ನು ಬೇರೆ ಸಾಕ್ಷ್ಯಗಳಿಂದ ತೋರಿಸಿಕೊಡಬೇಕಾಯಿತು.

ಇಂತಹ ಹಾಳೆಯ ಹಿಂದೆ ಇರುವುದೇ ಪರಿಕಲ್ಪನಾ ಮಾದರಿ. ಒಂದು ಕ್ಷೇತ್ರದಲ್ಲಿ ಯಾವ ಯಾವ ಸಂಗತಿಗಳಿವೆ, ಅವು ಒಂದಕ್ಕೊಂದು ಹೇಗೆ ಸಂಬಂಧಿಸಿವೆ, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಕಟ್ಟುವ, ಅಳೆಯುವ ಅಥವಾ ಲೆಕ್ಕ ಹಾಕುವ ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿಟ್ಟ ರೂಪ ಅದು. ಅಣೆಕಟ್ಟಿನ ಚಿಕ್ಕ ಪ್ರತಿಕೃತಿಯಂತೆ ಅದನ್ನು ಮುಟ್ಟಿ ನೋಡಲಾಗದು. ಹೆಚ್ಚಿನ ವೇಳೆ ಅದು ಕೆಲವು ಪೆಟ್ಟಿಗೆಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳು ಮಾತ್ರ. ವ್ಯಾಪಾರ, ಎಂಜಿನಿಯರಿಂಗ್, ಸಂಶೋಧನೆ ಈ ಮೂರೂ ಕಡೆ ಅದರ ಬಳಕೆ ಬೇರೆ ಬೇರೆ ದಾರಿಯಲ್ಲಿ ಬೆಳೆದಿದೆ. ಆದರೆ ಮೂರೂ ಕಡೆಯ ಚರಿತ್ರೆಯನ್ನು ಒಟ್ಟಿಗೆ ಓದಿದಾಗ ನನಗೆ ಎದ್ದು ಕಾಣುವುದು ಒಂದೇ ಸಂಗತಿ: ಮಾದರಿಯೊಂದು ಒಳಗೊಂಡಿರುವುದಕ್ಕಿಂತ ಅದು ಬಿಟ್ಟಿರುವುದೇ ಹೆಚ್ಚು ಗಟ್ಟಿಯಾದ ಹೇಳಿಕೆ, ಮತ್ತು ಆ ಬಿಟ್ಟ ಜಾಗವನ್ನು ಗುರುತಿಸಬಲ್ಲವರು ಸಾಮಾನ್ಯವಾಗಿ ಮಾದರಿ ಬರೆದವರಲ್ಲ.

ಪಹಣಿಯ ಪೂರ್ವಜರನ್ನು ಹುಡುಕಿದರೆ ಮುಂಬಯಿ ಪ್ರಾಂತ್ಯದ ಸರ್ವೆ ಪದ್ಧತಿ ಸಿಗುತ್ತದೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ಅದರ ನಿಯಮಗಳನ್ನು 1847ರ ಜಂಟಿ ವರದಿಯಲ್ಲಿ ಕ್ರೋಡೀಕರಿಸಿದರು. ವಿಂಗೇಟ್ ಧಾರವಾಡದ ಸೀಮೆಯಲ್ಲೇ ಸರ್ವೆ ನಡೆಸಿದ್ದವನು. ಅಖಂಡವಾಗಿ ಹಬ್ಬಿದ ನೆಲವನ್ನು ಸರ್ವೆ ನಂಬರುಗಳಾಗಿ ಕತ್ತರಿಸಿ, ಮಣ್ಣಿನ ಬಣ್ಣ ಮತ್ತು ಆಳವನ್ನು ನೋಡಿ ಒಂಬತ್ತು ದರ್ಜೆಗಳನ್ನು ಮಾಡಿ, ಶ್ರೇಷ್ಠ ಮಣ್ಣಿಗೆ ಹದಿನಾರಾಣೆ ಎಂದು ಬೆಲೆ ಕಟ್ಟಿ, ಉಳಿದವನ್ನು ಆಣೆಗಳಲ್ಲಿ ಇಳಿಸುತ್ತಾ ಹೋದರು. ಎರೆ ಭೂಮಿಯ ರೈತನಿಗೆ ಮೈಯೆಲ್ಲ ತಿಳಿದಿದ್ದ ವ್ಯತ್ಯಾಸಗಳನ್ನು ಕಾಗದದ ಮೇಲೆ ಎಣಿಸಬಹುದಾದ ರೂಪಕ್ಕೆ ತಂದ ಆ ಕೆಲಸ ಸಣ್ಣದಲ್ಲ. ಆದರೆ ಅದರ ಗುರಿ ಕಂದಾಯ. ಒಂದು ನಂಬರಿಗೆ ಕಂದಾಯ ಕಟ್ಟುವವರು ಯಾರು ಎಂಬುದು ಅದಕ್ಕೆ ಬೇಕಿತ್ತು. ಆ ನೆಲದ ಮೇಲೆ ಇನ್ನೂ ಯಾರ ಯಾರ ಹಕ್ಕುಗಳಿವೆ ಎಂಬುದಲ್ಲ. ಹಕ್ಕುಗಳನ್ನೇ ದಾಖಲಿಸುವ ಪ್ರತ್ಯೇಕ ಕಾನೂನು ಮುಂಬಯಿ ಪ್ರಾಂತ್ಯಕ್ಕೆ ಬಂದದ್ದು 1903ರಲ್ಲಿ. ಮೊದಲ ಮಾದರಿ ಬಿಟ್ಟ ಜಾಗವನ್ನು ತುಂಬಲು ಐವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು.

ವಿಜ್ಞಾನಿಗಳಲ್ಲಿ ಮಾದರಿ ಬೇರೆ ರೀತಿಯ ಕೆಲಸ ಮಾಡಿತು. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1861–62ರಲ್ಲಿ ಕಾಂತಕ್ಷೇತ್ರವನ್ನು ತಿರುಗುವ ಸುಳಿಗಳಿಂದಲೂ ಅವುಗಳ ನಡುವೆ ಉರುಳುವ ಪುಟ್ಟ ಗಾಲಿಗಳಂತಹ ಕಣಗಳಿಂದಲೂ ತುಂಬಿದ ಯಂತ್ರವಾಗಿ ಕಲ್ಪಿಸಿಕೊಂಡರು. ಆ ಕಲ್ಪನೆಯ ಮೂಲಕವೇ ವಿದ್ಯುತ್ಕಾಂತೀಯ ಅಲೆಯ ವೇಗ ಬೆಳಕಿನ ವೇಗಕ್ಕೆ ಹತ್ತಿರದ್ದು ಎಂಬ ಫಲಿತಾಂಶ ಅವರಿಗೆ ದೊರಕಿತು. 1865ರ ಪ್ರಬಂಧದ ಹೊತ್ತಿಗೆ ಗಾಲಿಗಳನ್ನು ಬದಿಗಿಟ್ಟು ಸಮೀಕರಣಗಳನ್ನು ಉಳಿಸಿಕೊಂಡರು. ಗೋಡೆ ಎದ್ದ ಮೇಲೆ ಸಾರುವೆ ಬಿಚ್ಚುವಂತೆ ಮಾದರಿಯನ್ನು ಬಿಚ್ಚಿಡುವ ಈ ಧೈರ್ಯ ಎಲ್ಲ ಕ್ಷೇತ್ರಗಳಲ್ಲೂ ಕಾಣಸಿಗುವಂಥದ್ದಲ್ಲ.

ಇಂದಿನ ಸಂಶೋಧನೆಗೆ ಹೆಚ್ಚು ಹತ್ತಿರವಾದ ಹೆಜ್ಜೆ ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ ಅವರದು. ಕೃಷಿ ಇಲಾಖೆಯಲ್ಲಿ ಗಿನಿಯಿಲಿಗಳ ಮೇಲೆ ಕೆಲಸ ಮಾಡುತ್ತಿದ್ದ ಅವರು 1921ರ ಪ್ರಬಂಧದಲ್ಲಿ ಮರಿಯ ಜನನ ತೂಕ, ಗರ್ಭಾವಧಿ, ಒಂದು ಸೂಲಿನಲ್ಲಿ ಹುಟ್ಟಿದ ಮರಿಗಳ ಸಂಖ್ಯೆ ಇವುಗಳನ್ನು ಬಾಣಗಳಿಂದ ಜೋಡಿಸಿ, ಯಾವುದು ಯಾವುದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂದು ಲೆಕ್ಕ ಹಾಕಿದರು. ಅಂಕಿಅಂಶಗಳಿಂದ ಕಾರಣವನ್ನು ತೆಗೆಯಲಾಗದು ಎಂಬ ಆಕ್ಷೇಪ ಮರುವರ್ಷವೇ ಬಂತು. ರೈಟ್ ಅವರ ನಿಲುವು ಸ್ಪಷ್ಟವಾಗಿತ್ತು: ಕಾರಣಗಳ ಕುರಿತ ತಿಳಿವಳಿಕೆಯನ್ನು ಸಂಶೋಧಕನೇ ಹೊರಗಿನಿಂದ ತರಬೇಕು, ಚಿತ್ರ ಅದನ್ನು ಬಯಲಿಗೆ ಇಡುತ್ತದೆ. ಎರಡು ಸಂಗತಿಗಳ ನಡುವೆ ಬಾಣ ಎಳೆದರೆ ಪರಿಣಾಮ ಇರಬಹುದು ಎಂದಷ್ಟೇ ಅರ್ಥ. ಬಾಣ ಎಳೆಯದಿದ್ದರೆ ನೇರ ಪರಿಣಾಮ ಇಲ್ಲವೇ ಇಲ್ಲ ಎಂದು ಸಾರಿದಂತೆ. ಪಿಎಚ್‌ಡಿ ಪ್ರಬಂಧಗಳಲ್ಲಿ ಪರಿಕಲ್ಪನಾ ಚೌಕಟ್ಟು ಎಂಬ ಅಧ್ಯಾಯವನ್ನು ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಎಳೆಯದ ಬಾಣಗಳನ್ನು ಸಮರ್ಥಿಸಲು ಕಲಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ವ್ಯಾಪಾರದ ಕಡೆಗೆ ಬಂದರೆ, ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ಬರೆಯುವ ಕ್ರಮವನ್ನು ಮೆಕ್ಯಾನಿಕಲ್ ಎಂಜಿನಿಯರುಗಳ ಮುಂದಿಟ್ಟರು. ಆದರೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಜೇ ಫಾರೆಸ್ಟರ್ ಅವರ ಬಳಿ. ಕಂಪ್ಯೂಟರುಗಳನ್ನು ಕಟ್ಟಿ ಹೆಸರಾಗಿದ್ದ ಈ ಎಲೆಕ್ಟ್ರಿಕಲ್ ಎಂಜಿನಿಯರ್ 1956ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಂಟಕಿಯ ಗೃಹೋಪಕರಣ ಕಾರ್ಖಾನೆಗಳಲ್ಲಿ ಒಮ್ಮೆ ಮೂರು ನಾಲ್ಕು ಪಾಳಿ ಕೆಲಸ ನಡೆದರೆ, ಕೆಲವು ವರ್ಷಗಳ ಬಳಿಕ ಅರ್ಧದಷ್ಟು ಮಂದಿಯನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏರಿಳಿತವೇ ಇದಕ್ಕೆ ಕಾರಣ ಎಂಬ ವಿವರಣೆ ಅಲ್ಲಿನವರಿಗೇ ಸಾಲದೆನಿಸಿತ್ತು. ದಾಸ್ತಾನು ಎಷ್ಟಿದ್ದಾಗ, ಆರ್ಡರು ಎಷ್ಟು ಬಂದಾಗ ಜನರನ್ನು ಸೇರಿಸಿಕೊಳ್ಳುತ್ತೀರಿ ಎಂದು ಕೇಳಿ ತಿಳಿದ ಫಾರೆಸ್ಟರ್, ನೋಟುಪುಸ್ತಕದ ಒಂದು ಪುಟದ ಮೇಲೆ ದಾಸ್ತಾನು, ಕೆಲಸಗಾರರು, ಆರ್ಡರು ಎಂದು ಕಾಲಂಗಳನ್ನು ಬರೆದುಕೊಂಡು ಪೆನ್ಸಿಲಿನಲ್ಲೇ ವಾರದಿಂದ ವಾರಕ್ಕೆ ಲೆಕ್ಕ ಮಾಡುತ್ತಾ ಹೋದರು. ಹೊರಗಿನಿಂದ ಬರುವ ಆರ್ಡರು ಒಂದೇ ಸಮನಾಗಿದ್ದರೂ ಕಂಪನಿಯ ಸ್ವಂತ ನಿಯಮಗಳೇ ಉದ್ಯೋಗವನ್ನು ಏರಿಸಿ ಇಳಿಸಬಲ್ಲವು ಎಂಬುದು ಆ ಪುಟದಲ್ಲಿ ಕಂಡಿತು. ಇಲ್ಲಿ ಸಮೀಕರಣಗಳಿಗಿಂತ ಮುಖ್ಯವಾದದ್ದು ಗಡಿ ಎಳೆದ ರೀತಿ: ಹೊರಗಿನದೆಂದು ದೂರಲಾಗುತ್ತಿದ್ದ ಕಾರಣವನ್ನು ಹೊರಗೇ ನಿಲ್ಲಿಸಿ, ಒಳಗಿನ ನಿರ್ಧಾರಗಳಿಗೆ ಪೆಟ್ಟಿಗೆ ಕೊಟ್ಟದ್ದು.

ಅದೇ ವಿಧಾನವನ್ನು ಇಡೀ ಜಗತ್ತಿಗೆ ಹಬ್ಬಿಸಿ 1972ರಲ್ಲಿ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟಕ್ಕಾಗಿ ಬೆಳವಣಿಗೆಯ ಮಿತಿಗಳ ಕುರಿತ ವರದಿ ಪ್ರಕಟವಾದಾಗ, ಬೆಲೆಗಳು ಏರಿದರೆ ಜನ ಬಳಕೆಯನ್ನು ಬದಲಿಸುತ್ತಾರೆ ಎಂಬುದಕ್ಕೆ ಅದರಲ್ಲಿ ತಕ್ಕ ಜಾಗವಿಲ್ಲ ಎಂದು ಅರ್ಥಶಾಸ್ತ್ರಜ್ಞರು ಟೀಕಿಸಿದರು. ಮತ್ತೆ ಬಿಟ್ಟ ಜಾಗದ ಪ್ರಶ್ನೆಯೇ.

ಪರಿಕಲ್ಪನಾ ಎಂಬ ವಿಶೇಷಣ ಕಂಪ್ಯೂಟರ್ ಜಗತ್ತಿನಲ್ಲಿ ನೆಲೆಯೂರಿದ್ದು 1970ರ ದಶಕದಲ್ಲಿ. 1969ರಲ್ಲಿ ಚಾರ್ಲ್ಸ್ ಬ್ಯಾಕ್‌ಮನ್ ದತ್ತಾಂಶದ ಜೋಡಣೆಯನ್ನು ಪೆಟ್ಟಿಗೆ ಮತ್ತು ಬಾಣಗಳಲ್ಲಿ ಬರೆದು ತೋರಿಸಿದ್ದರು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಲ್ಲವನ್ನೂ ಕೋಷ್ಟಕಗಳಾಗಿ ನೋಡುವ ಸಿದ್ಧಾಂತ ಕೊಟ್ಟರು. 1975ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಅಧ್ಯಯನ ತಂಡವೊಂದು ಡೇಟಾಬೇಸನ್ನು ಮೂರು ಅಂತಸ್ತುಗಳಾಗಿ ವಿಂಗಡಿಸಿತು. ಕೆಳಗಿನದು ಯಂತ್ರ ಅದನ್ನು ಶೇಖರಿಸುವ ಬಗೆ, ಮೇಲಿನದು ಒಬ್ಬೊಬ್ಬ ಬಳಕೆದಾರನಿಗೆ ಕಾಣುವ ನೋಟ, ನಡುವಿನದು ಸಂಸ್ಥೆಗೆಲ್ಲ ಸಮಾನವಾದ ಪರಿಕಲ್ಪನಾ ವಿನ್ಯಾಸ. ಬ್ಯಾಂಕಿನವರು ಪಹಣಿಯಲ್ಲಿ ಋಣವನ್ನು ನೋಡುತ್ತಾರೆ, ತಹಶೀಲ್ದಾರರು ಕಂದಾಯವನ್ನು ನೋಡುತ್ತಾರೆ, ಕೊಳ್ಳುವವನು ಹೆಸರನ್ನು ನೋಡುತ್ತಾನೆ. ಎಲ್ಲರ ನೋಟಕ್ಕೂ ಆಧಾರವಾಗಿ ಒಂದೇ ತಿಳಿವಳಿಕೆ ಇರಬೇಕು ಎಂಬುದು ಅದರ ತಾತ್ಪರ್ಯ.

1976ರಲ್ಲಿ ಎಂಐಟಿಯಲ್ಲಿದ್ದ ಪೀಟರ್ ಚೆನ್ ಆ ನಡುವಿನ ಅಂತಸ್ತಿಗೆ ಓದಬಲ್ಲ ಲಿಪಿಯೊಂದನ್ನು ಕೊಟ್ಟರು. ವಸ್ತು ಅಥವಾ ವ್ಯಕ್ತಿಗೆ ಆಯತ, ಸಂಬಂಧಕ್ಕೆ ವಜ್ರಾಕೃತಿ. ವಾಕ್ಯದ ನಾಮಪದ ಆಯತವಾಗುತ್ತದೆ, ಸಕರ್ಮಕ ಕ್ರಿಯಾಪದ ವಜ್ರಾಕೃತಿಯಾಗುತ್ತದೆ ಎಂದು ಇಂಗ್ಲಿಷ್ ವಾಕ್ಯಗಳನ್ನು ಆಧರಿಸಿ ಮುಂದೆ ಅವರೇ ವಿವರಿಸಿದರು. ಕನ್ನಡದಲ್ಲಿ ಮಾಡಿ ನೋಡಿದರೂ ಅದು ಸಲೀಸಾಗಿ ಹೊಂದುತ್ತದೆ. 'ರೈತನು ಹೊಲವನ್ನು ಉಳುತ್ತಾನೆ' ಎಂಬಲ್ಲಿ ರೈತ ಒಂದು ಆಯತ, ಹೊಲ ಇನ್ನೊಂದು ಆಯತ, ಉಳುವುದು ನಡುವಿನ ವಜ್ರಾಕೃತಿ. ರೈತನಿಗೆ ಹೆಸರಿದೆ, ಹೊಲಕ್ಕೆ ವಿಸ್ತೀರ್ಣವಿದೆ. ಆದರೆ ಯಾವ ವರ್ಷ, ಯಾವ ಬೆಳೆ ಎಂಬುದು ರೈತನಿಗೂ ಸೇರದು, ಹೊಲಕ್ಕೂ ಸೇರದು. ಅದು ಉಳುವ ಸಂಬಂಧಕ್ಕೇ ಸೇರಿದ ಗುಣ. ಪಹಣಿಯ 12ನೇ ಕಾಲಂನಲ್ಲಿ ವರ್ಷ, ಬೆಳೆ ಮತ್ತು ಸಾಗುವಳಿದಾರರ ಹೆಸರು ಒಟ್ಟಿಗೆ ಕೂತಿರುವುದು ಏಕೆಂದು ಈ ಚಿತ್ರ ಒಂದೇ ನೋಟಕ್ಕೆ ತಿಳಿಸುತ್ತದೆ. ಪ್ರೋಗ್ರಾಮ್ ಬರೆಯಲು ಬಾರದ ಗುಮಾಸ್ತರೂ ಬೆರಳಿಟ್ಟು 'ಇಲ್ಲಿ ತಪ್ಪಿದೆ' ಎನ್ನಬಹುದಾದ ಈ ಗುಣವೇ ಚೆನ್ ಅವರ ದೊಡ್ಡ ಕೊಡುಗೆ ಎಂದು ನಾನು ನಂಬುತ್ತೇನೆ.

ಅನಂತರದ ದಶಕಗಳಲ್ಲಿ ಚಿಹ್ನೆಗಳು ಹೆಚ್ಚಿದವು. ಬೂಚ್, ರಂಬೋ, ಜೇಕಬ್‌ಸನ್ ಮೂವರ ವಿಧಾನಗಳು ಬೆಸೆದು ಮೂಡಿದ, ತಂತ್ರಾಂಶದ ವಿನ್ಯಾಸವನ್ನು ಚಿತ್ರಿಸುವ ಯುಎಂಎಲ್ 1997ರಲ್ಲಿ ಮಾನಕವಾಯಿತು; ವ್ಯವಹಾರದ ಹಂತಗಳನ್ನು ಬರೆಯುವ ಬಿಪಿಎಂಎನ್‌ನ ಎರಡನೇ ಆವೃತ್ತಿ 2011ರಲ್ಲಿ ಬಂತು. ನಿಖರತೆ ಬೆಳೆದದ್ದು ನಿಜ, ಆದರೆ ಚಿತ್ರ ಓದಲು ತರಬೇತಿ ಬೇಕಾದಂತೆಲ್ಲ ತಪ್ಪು ತೋರಿಸಬಲ್ಲವರ ವೃತ್ತ ಕಿರಿದಾಯಿತು.

ಕರ್ನಾಟಕದ ಕಂದಾಯ ಇಲಾಖೆಯ ಭೂಮಿ ಯೋಜನೆ ಈ ಚರಿತ್ರೆಯನ್ನು ನಮ್ಮ ಅಂಗಳಕ್ಕೆ ತಂದಿತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪ್ರತಿಗಾಗಿ ಕಾಯಬೇಕಿದ್ದ ಜಾಗದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಹಾಳೆ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲೇ ವಿಲೇವಾರಿ ಮಾಡಬೇಕಾಯಿತು. ಇದು ರೈತರಿಗೆ ಸಿಕ್ಕ ದೊಡ್ಡ ಅನುಕೂಲ. ಆದರೆ ಕಂಪ್ಯೂಟರು ಹಾಳೆಯ ಮಾದರಿಯನ್ನೇ ಹೊತ್ತುಕೊಂಡಿತು, ಹಾಗಾಗಿ ಹಾಳೆ ಬಿಟ್ಟಿದ್ದನ್ನೂ ಹೊತ್ತುಕೊಂಡಿತು. ಅಪ್ಪನ ಕಾಲದ ಒಂದು ಸರ್ವೆ ನಂಬರನ್ನು ಮೂವರು ಅಣ್ಣತಮ್ಮಂದಿರು ಬದು ಹಾಕಿ ಹಂಚಿಕೊಂಡು ಮೂವತ್ತು ವರ್ಷ ಉತ್ತಿದ್ದರೂ, ಪಹಣಿಯಲ್ಲಿ ಮೂರು ಹೆಸರುಗಳು ಜಂಟಿಯಾಗಿಯೇ ನಿಂತಿರುತ್ತವೆ. ಯಾರಿಗೆ ಎಷ್ಟು ಗುಂಟೆ ಎಂದು ಬರೆದಿದ್ದರೂ ಅದು ಯಾವ ದಿಕ್ಕಿನ ಗುಂಟೆ ಎಂದು ಹೇಳಲು ಅಲ್ಲಿ ಜಾಗವಿಲ್ಲ. ಕಂದಾಯ ಇಲಾಖೆಯವರು ಬಹುಮಾಲೀಕತ್ವದ ಪಹಣಿ ಎನ್ನುವುದು ಇದನ್ನೇ.

ಪೋಡಿ ಮಾಡಿ, ಎಂದರೆ ಜಮೀನನ್ನು ಅಳೆದು ಭಾಗ ಮಾಡಿ, ಒಂದೊಂದು ಭಾಗಕ್ಕೂ ಹಿಸ್ಸಾ ನಂಬರು ಕೊಡುವುದು ಇದಕ್ಕೆ ಹಳೆಯ ಪರಿಹಾರ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ಈಗ ನೋಂದಣಿಗೆ ಮೊದಲೇ ಆ ಭಾಗವನ್ನು ಅಳೆದು ತೋರಿಸುವ 11-ಇ ನಕ್ಷೆ ಆಗಬೇಕು. ಅರ್ಜಿ, ಅಳತೆಯ ಅರ್ಜಿಗಳನ್ನು ನಿರ್ವಹಿಸುವ ಮೋಜಿಣಿ ವ್ಯವಸ್ಥೆಗೆ ಹೋಗುತ್ತದೆ, ಭೂಮಾಪಕರು ಹೊಲಕ್ಕೇ ಬರುತ್ತಾರೆ. ಆ ದಿನ ಬದುವಿನ ಮೇಲೆ ಅಣ್ಣತಮ್ಮಂದಿರು, ಪಕ್ಕದ ಹೊಲದವರು ಎಲ್ಲರೂ ನಿಂತಿರುತ್ತಾರೆ. ಹುಣಸೆಮರದಿಂದ ಬಾವಿಯವರೆಗೆ ತನ್ನದು ಎಂದು ಒಬ್ಬರು ತೋರಿಸಿದರೆ, ಬಾವಿಗೆ ಹೋಗುವ ದಾರಿ ಮೂವರದೂ ಎಂದು ಇನ್ನೊಬ್ಬರು ಹೇಳುತ್ತಾರೆ. ಅಳತೆಯಾದ ಬಳಿಕ, ಅಷ್ಟು ವರ್ಷ ನೆಲದ ಮೇಲೆ ಮಾತ್ರ ಇದ್ದ ಆ ಬದು ಮೊದಲ ಸಲ ಕಾಗದದ ಮೇಲೆ ಒಂದು ಗೆರೆಯಾಗುತ್ತದೆ.