ಸಬ್ಬತ್: ಸಪ್ತವೂ ಅಲ್ಲ, ಶನಿಯೂ ಅಲ್ಲ

ಯಹೂದಿಗಳು ಕೆಲಸ ನಿಲ್ಲಿಸಿ ಆಚರಿಸುವ ವಾರದ ಏಳನೇ ದಿನ ಸಬ್ಬತ್. ಅದರ ಬಗ್ಗೆ ಕನ್ನಡದಲ್ಲಿ ಏನಾದರೂ ಬಂದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಸಂಸ್ಕೃತದ 'ಸಪ್ತ'ವೇ ಅಲ್ಲಿಗೆ ಹೋಗಿ 'ಸಬ್ಬತ್' ಆಗಿದೆ ಎಂದು. ಏಳನೇ ದಿನ ಅಲ್ವಾ, ಸಪ್ತ ಅಂದರೂ ಏಳು ಅಲ್ವಾ, ಮುಗೀತು. ಈ ವಾರ ಮತ್ತೆ ಕಣ್ಣಿಗೆ ಬಿತ್ತು. ಒಂದ್ಸಲ ಬಿಡಿಸಿ ಹೇಳಿಬಿಡುವುದು ವಾಸಿ.

ಯಹೂದಿಗಳ ಭಾಷೆಯಾದ ಹೀಬ್ರೂವಿನಲ್ಲಿ ಏಳಕ್ಕೆ 'ಶೆವ' ಎನ್ನುತ್ತಾರೆ. ವಾರಕ್ಕೆ 'ಶವುಆ'. ಏಳು ವಾರ ಎಣಿಸಿ ಆಚರಿಸುವ ಹಬ್ಬ 'ಶವುಓತ್'. ಇವೆಲ್ಲ ಒಂದೇ ಮನೆಯ ಮಾತುಗಳು, ಇವುಗಳ ಧಾತು ಮುಗಿಯುವುದು 'ಅಯಿನ್' ಅಕ್ಷರದಲ್ಲಿ. ಸಬ್ಬತ್ತಿನ ಹೀಬ್ರೂ ಹೆಸರು 'ಶಬ್ಬಾತ್', ಆ ಪದದ ಧಾತು ಮುಗಿಯುವುದು 'ತಾವ್' ಅಕ್ಷರದಲ್ಲಿ. ನಮ್ಮ ಕಿವಿಗೆ ಎರಡೂ ಹತ್ತಿರ ಕೇಳಿಸಬಹುದು. ಆದರೆ ಹೀಬ್ರೂವಿನಲ್ಲಿ ಧಾತುವಿನ ಒಂದು ವ್ಯಂಜನ ಬದಲಾದರೆ ಪದದ ಮನೆಯೇ ಬದಲಾಗುತ್ತೆ. ಅರಬ್ಬಿಯಲ್ಲೂ ಹಾಗೇ: ಏಳು 'ಸಬ್ಅ', ಶನಿವಾರ 'ಸಬ್ತ್'.

ಶ-ಬ-ತ ಧಾತುವಿನ ಅರ್ಥ 'ನಿಲ್ಲು, ನಿಲ್ಲಿಸು'. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 8ನೇ ಅಧ್ಯಾಯದಲ್ಲಿ, ಜಲಪ್ರಳಯ ಇಳಿದ ಮೇಲೆ, ಬಿತ್ತನೆ-ಕೊಯ್ಲು, ಹಗಲು-ರಾತ್ರಿ ಇನ್ನು ನಿಲ್ಲುವುದಿಲ್ಲ ಎಂದು ದೇವರು ಹೇಳುವಲ್ಲಿ ಇರುವುದು ಇದೇ ಕ್ರಿಯಾಪದ. ಯೆಹೋಶುವನ ಪುಸ್ತಕದಲ್ಲಿ ಮನ್ನ, ಅಂದರೆ ಮರುಭೂಮಿಯಲ್ಲಿ ದೇವರು ಕೊಡುತ್ತಿದ್ದ ಆಹಾರ, ಸಿಗುವುದು ನಿಂತಾಗಲೂ ಇದೇ. ಅಂದರೆ ಈ ಪದದ ಮೂಲ ಅರ್ಥ ದಣಿವಾರಿಸಿಕೊಳ್ಳುವುದಲ್ಲ, ಹಗಲು-ರಾತ್ರಿಗೆ ದಣಿವೆಲ್ಲಿಂದ ಬರಬೇಕು? ಇವತ್ತಿನ ಇಸ್ರೇಲಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರೆ ಅದು 'ಶ್ವಿತಾ', ಅದೂ ಇದೇ ಧಾತು.

ಇನ್ನು ಶನಿಯ ಮಾತು. ಸಬ್ಬತ್ ಶನಿಗ್ರಹದ ದಿನ, ಅದಕ್ಕೇ ಆವತ್ತು ಏನೂ ಮಾಡಲ್ಲ ಎಂದೂ ಬರೆಯುತ್ತಾರೆ. ವಾರದ ದಿನಗಳನ್ನು ಗ್ರಹಗಳ ಹೆಸರಿನಿಂದ ಕರೆಯುವವರು ನಾವು, ಅವರಲ್ಲ. ಹೀಬ್ರೂವಿನಲ್ಲಿ ಭಾನುವಾರ 'ಮೊದಲನೇ ದಿನ', ಶುಕ್ರವಾರ 'ಆರನೇ ದಿನ'. ಸ್ವಂತ ಹೆಸರು ಇರುವುದು ಏಳನೆಯದಕ್ಕೆ ಮಾತ್ರ. ಶನಿಗ್ರಹಕ್ಕೆ ಅವರು 'ಶಬ್ಬತಾಯ್' ಎನ್ನುತ್ತಾರೆ, ಅಂದರೆ ದಿನದ ಹೆಸರು ಗ್ರಹಕ್ಕೆ ಹೋಗಿದೆ. ಅದೂ ಅಲ್ಲದೆ ಸಬ್ಬತ್ ಶುರುವಾಗುವುದು ಶುಕ್ರವಾರ ಹೊತ್ತು ಮುಳುಗುವಾಗ. ಆದಿಕಾಂಡ ಪ್ರತಿ ದಿನವನ್ನೂ ಸಂಜೆಯಿಂದಲೇ ಎಣಿಸುತ್ತೆ. ಮುಗಿಯುವುದು ಶನಿವಾರ ರಾತ್ರಿ, ಮೂರು ನಕ್ಷತ್ರ ಕಂಡ ಮೇಲೆ.

ಇದಕ್ಕಿಂತ ಜಾಸ್ತಿ ಬೇಸರ ತರಿಸುವುದು 'ಸಬ್ಬತ್ ಅಂದರೆ ಯಹೂದಿಗಳ ವಾರದ ರಜೆ' ಎನ್ನುವ ವಿವರಣೆ. ವಿಶ್ರಾಂತಿ ಅದರಲ್ಲಿ ಇದೆ, ಇಲ್ಲ ಎನ್ನುತ್ತಿಲ್ಲ. ಆದರೆ ನಿಲ್ಲಿಸಬೇಕಾದದ್ದು ಆಯಾಸದ ಕೆಲಸವನ್ನಲ್ಲ, 'ಮೆಲಾಖಾ' ಎಂಬುದನ್ನು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರ ಕಟ್ಟುವ ವಿವರದ ಪಕ್ಕದಲ್ಲೇ ಸಬ್ಬತ್ತಿನ ಆಜ್ಞೆಯೂ ಬರುತ್ತೆ. ಹಾಗಾಗಿ ಆ ಗುಡಾರಕ್ಕೆ ಬೇಕಾದ ಕೆಲಸಗಳೇ ಮೆಲಾಖಾ ಎಂದು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ತಿಳಿದರು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಅವರ ನಿಯಮಗಳ ಗ್ರಂಥ ಮಿಶ್ನಾದಲ್ಲಿ ಆ ಕೆಲಸಗಳ ಪಟ್ಟಿಯಿದೆ: 'ನಲವತ್ತಕ್ಕೆ ಒಂದು ಕಡಿಮೆ', ಅಂದರೆ 39. ಉಳುವುದು, ಬಿತ್ತುವುದು, ನೇಯುವುದು, ಎರಡು ಅಕ್ಷರ ಬರೆಯುವುದು, ಬೆಂಕಿ ಹಚ್ಚುವುದು, ಆರಿಸುವುದು, ಹೀಗೆ. ಮನುಷ್ಯ ಜಗತ್ತನ್ನು ತನಗೆ ಬೇಕಾದಂತೆ ಮಾರ್ಪಡಿಸುವ ಕೆಲಸಗಳು ಇವು. ಮನೆಯೊಳಗೆ ಭಾರದ ಮೇಜನ್ನು ಬೆವರು ಸುರಿಸಿ ಸರಿಸಿದರೆ ಅದು ಮೆಲಾಖಾ ಅಲ್ಲ. ಕೂತಲ್ಲೇ ಬೆಂಕಿಕಡ್ಡಿ ಗೀರಿದರೆ ಅದು ಮೆಲಾಖಾ.

ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥೊಡಾಕ್ಸ್ ಯಹೂದಿ ಮನೆಯ ಅಡುಗೆಮನೆ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತೆ. ಆ 39ರಲ್ಲಿ ಒಂದು 'ಬೊರೇರ್', ಅಂದರೆ ಹೆಕ್ಕಿ ಬೇರೆ ಮಾಡುವುದು. ಅಕ್ಕಿಯಲ್ಲಿನ ಕಲ್ಲು ಆರಿಸುವುದು ಸಬ್ಬತ್ತಿನಲ್ಲಿ ಆಗದು. ತಟ್ಟೆಯಲ್ಲಿ ಬೇಕಾದ್ದೂ ಬೇಡದ್ದೂ ಬೆರೆತಿದ್ದರೆ, ಈಗಲೇ ತಿನ್ನಲು ಬೇಕಾದ್ದನ್ನು ಕೈಯಲ್ಲಿ ತೆಗೆದುಕೊಳ್ಳಬಹುದು, ಬೇಡದ್ದನ್ನು ಎತ್ತಿ ಹಾಕುವಂತಿಲ್ಲ. ಮಾಂಸ, ಕಾಳು ಹಾಕಿದ 'ಹಮೀನ್' ಪಾತ್ರೆಯನ್ನು ಶುಕ್ರವಾರ ಹೊತ್ತಿರುವಾಗಲೇ ಬೇಯಲು ಇಟ್ಟುಬಿಡುತ್ತಾರೆ. ರಾತ್ರಿಯಿಡೀ ಸಣ್ಣ ಉರಿಯಲ್ಲಿದ್ದು ಶನಿವಾರ ಮಧ್ಯಾಹ್ನದ ಊಟಕ್ಕೆ ಬಿಸಿಬಿಸಿ ಸಿಗುತ್ತೆ. ಯಾರೂ ಉರಿ ಮುಟ್ಟುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಕೊಂಕಣದ್ದು. ಮಹಾರಾಷ್ಟ್ರದ ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಸಮುದಾಯದ ಯಹೂದಿಗಳು ಎಣ್ಣೆ ತೆಗೆಯುವ ಕಸುಬು ಮಾಡಿಕೊಂಡಿದ್ದರು. ಅಕ್ಕಪಕ್ಕದವರು ಅವರನ್ನು 'ಶನಿವಾರ್ ತೇಲಿ' ಎಂದು ಕರೆದರು, ಅಂದರೆ ಶನಿವಾರದ ಗಾಣಿಗರು. ಆವತ್ತು ಗಾಣ ಆಡುತ್ತಿರಲಿಲ್ಲ. ಗಾಣ ನಿಂತರೆ ಎತ್ತೂ ನಿಲ್ಲುತ್ತೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಎತ್ತು, ಕತ್ತೆ, ಗಂಡಾಳು, ಹೆಣ್ಣಾಳು ಎಲ್ಲರನ್ನೂ ಹೆಸರಿಸಿ ಈ ದಿನದೊಳಗೆ ಸೇರಿಸುತ್ತೆ. ಕಾರಣವನ್ನೂ ಕೊಡುತ್ತೆ: ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ. ವಿಮೋಚನಕಾಂಡ ಸೃಷ್ಟಿಯ ಕಾರಣ ಕೊಟ್ಟರೆ ಇಲ್ಲಿ ದಾಸ್ಯದ ನೆನಪು. ನಮ್ಮಲ್ಲಿನ ಬರಹಗಳು ಈ ಎರಡನೆಯದನ್ನು ಬಿಟ್ಟೇಬಿಡುತ್ತವೆ.

ಕೊನೆಗೆ, 'ಸಾಯುವವರಿದ್ದರೂ ಸಬ್ಬತ್ತಿನಲ್ಲಿ ಕೈ ಆಡಿಸಲ್ಲ' ಎಂಬ ಮಾತು ಸುಮ್ನೆ ಸುಳ್ಳು. ಈ ಆಜ್ಞೆಗಳಿಂದ ಮನುಷ್ಯ ಬದುಕಬೇಕು ಎಂದು ಯಾಜಕಕಾಂಡದಲ್ಲಿದೆ. ಬದುಕಬೇಕೇ ಹೊರತು ಸಾಯಬೇಕಿಲ್ಲ ಎಂದು ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್ ಅದನ್ನು ಬಿಡಿಸಿ ಹೇಳಿದೆ. ಇದಕ್ಕೆ 'ಪಿಕೂಅಹ್ ನೆಫೆಶ್', ಜೀವ ಉಳಿಸುವುದು ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಫೋನ್ ಮಾಡಬಹುದು ಎಂದಲ್ಲ, ಮಾಡಲೇಬೇಕು. ರಬ್ಬಿಯನ್ನು ಕೇಳುತ್ತಾ ಹೊತ್ತು ಕಳೆಯುವಂತೆಯೂ ಇಲ್ಲ.