ನೀರಲ್ಲಿ ಅಡಗಿದ ಔಷಧ, ಅದನ್ನು ಹಿಡಿಯುವ ಪಾಲಿಮರ್

ಬೀದರ್ ಊರು ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿದು, ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ನೌಬಾದಿನ ಸುರಂಗ ಬಾವಿಯನ್ನು ಬಹಮನಿ ಕಾಲದವರು ತೋಡಿದ್ದೂ ಈ ನೀರಿಗಾಗಿಯೇ. ಆದರೆ ಮಳೆ ನೀರು ಇಳಿಯುವ ದಾರಿಯಲ್ಲೇ ಕೊಳೆ ನೀರೂ ಇಳಿಯಬಲ್ಲದು. ಊರ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಘಟಕಗಳಿವೆ. ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಲದಲ್ಲೂ ಇವೆ. ಸುತ್ತಲಿನ ಜನ ದುರ್ವಾಸನೆ ಬಗ್ಗೆ ದೂರುತ್ತಲೇ ಬಂದಿದ್ದಾರೆ.

ವಾಸನೆಯಾದರೆ ಮೂಗಿಗೆ ಗೊತ್ತಾಗುತ್ತದೆ. ನೀರಲ್ಲಿ ಕರಗಿದ ಔಷಧ ಹಾಗಲ್ಲ. ಮಾಮೂಲಿ ಪರೀಕ್ಷೆಗಳಾದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಬಿಒಡಿ, ಸಿಒಡಿ (ನೀರಲ್ಲಿರುವ ಕೊಳೆ ಒಡೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗಳು) ನೀರು ಎಷ್ಟು ಕೆಟ್ಟಿದೆ ಅಂತ ಹೇಳುತ್ತವೆ, ಅದರಲ್ಲಿ ಯಾವ ಔಷಧ ಇದೆ ಅಂತ ಹೇಳುವುದಿಲ್ಲ.

ಈ ಚಿಂತೆ ಇವತ್ತಿನದಲ್ಲ. 1970ರ ದಶಕದಲ್ಲೇ ಅಮೆರಿಕದ ಕಾನ್ಸಾಸ್ ಸಿಟಿಯ ಚರಂಡಿ ನೀರಲ್ಲಿ ಕೊಲೆಸ್ಟ್ರಾಲ್ ಮದ್ದಿನ ಅಂಶ ಸಿಕ್ಕಿತ್ತು. 1990ರ ದಶಕದಲ್ಲಿ ಬರ್ಲಿನ್ನಿನ ಅಂತರ್ಜಲದಲ್ಲೂ ಅದೇ ಕಂಡಿತು. ನಮಗೆ ಬಿಸಿ ತಟ್ಟಬೇಕಾಗಿದ್ದು 2007ರಲ್ಲಿ. ನಮ್ಮ ಕಡೆಯವರು ಹೈದರಾಬಾದಿಗೆ ಹೋಗುವಾಗ ದಾಟುವ ಪಟಾಂಚೆರುವಿನಲ್ಲಿ, ಸುಮಾರು 90 ಔಷಧ ಕಂಪನಿಗಳ ಕೊಳೆ ನೀರು ಸೇರುವ ಶುದ್ಧೀಕರಣ ಘಟಕವನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ತಂಡ ಪರೀಕ್ಷಿಸಿತು. ಶುದ್ಧ ಮಾಡಿ ಹೊರಬಿಟ್ಟ ನೀರಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯಾಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಮದ್ದು)! ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಇಂಥ ನೀರಲ್ಲಿ ಬದುಕಿ ಉಳಿಯುವುದು ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳೇ.

2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆ ನೀರಿನಲ್ಲಿ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಅಂತ ಕರಡು ಮಿತಿ ಹೊರಡಿಸಿತು. 2021ರ ಆಗಸ್ಟಿನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ. ಇದು ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ.

ಔಷಧದ ಹೆಸರು ಹಿಡಿದು ಹುಡುಕಲು ಇವತ್ತು ದುಬಾರಿ ಯಂತ್ರ ಬೇಕು, ಅದನ್ನು ನಡೆಸಲು ಪಳಗಿದವರೂ ಬೇಕು. ಅಚ್ಚೊತ್ತಿದ ಪಾಲಿಮರ್, ಅಂದರೆ ಒಂದು ಔಷಧದ ಅಣುವಿನ ಆಕಾರದ ಖಾಲಿ ಜಾಗಗಳಿರುವ ಪ್ಲಾಸ್ಟಿಕ್‌ನಂಥ ವಸ್ತು, ಮುಖ್ಯವಾಗುವುದು ಇಲ್ಲೇ. 1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ದಾರಿ ತೋರಿಸಿದರು. 1980ರ ದಶಕದಲ್ಲಿ ಸ್ವೀಡನ್ನಿನ ಕ್ಲಾಸ್ ಮೋಸ್‌ಬಾಕ್ ಅದನ್ನು ಸುಲಭ ಮಾಡಿದರು. ಮೊದಲು ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧವನ್ನು ದ್ರಾವಕದಲ್ಲಿ ಕರಗಿಸುತ್ತಾರೆ. ಮೆಥಾಕ್ರಿಲಿಕ್ ಆಮ್ಲ ಹಾಕಿದರೆ ಅದರ ಅಣುಗಳು ಔಷಧದ ಅಣುವಿನ ಸುತ್ತ ಕೂರುತ್ತವೆ. ಆಮೇಲೆ ಅವನ್ನು ಒಂದಕ್ಕೊಂದು ಬಿಗಿಯುವ ರಾಸಾಯನಿಕ ಸೇರಿಸಿ, ಸುಮಾರು 60 ಡಿಗ್ರಿಗೆ ಕಾಯಿಸಿದರೆ ಎಲ್ಲ ಗಟ್ಟಿಯಾಗುತ್ತದೆ. ಅದನ್ನು ಪುಡಿ ಮಾಡಿ, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ತೊಳೆದಾಗ ಔಷಧ ಹೊರಹೋಗುತ್ತದೆ. ಉಳಿಯುವುದು ಅದೇ ಅಳತೆಯ ಖಾಲಿ ಜಾಗ, ಹೋಳಿಯ ಸಕ್ಕರೆ ಸರ ಬಿಡಿಸಿದ ಮೇಲೆ ಮರದ ಅಚ್ಚು ಉಳಿಯುವ ಹಾಗೆ. ಮುಂದೆ ಅಂಥದೇ ಅಣು ಬಂದರೆ ಅಲ್ಲಿ ಕೂರುತ್ತದೆ. ವಿದ್ಯುತ್ ಹಾಯುವ ಎಲೆಕ್ಟ್ರೋಡಿಗೆ ಈ ಪಾಲಿಮರನ್ನು ತೆಳುವಾಗಿ ಹಚ್ಚಿದರೆ, ಜಾಗ ತುಂಬಿದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಪುಡಿಯನ್ನು ಕೊಳವೆಯಲ್ಲಿ ತುಂಬಿ ನೀರು ಹಾಯಿಸಿದರೆ ಔಷಧ ಅಲ್ಲೇ ಉಳಿಯುತ್ತದೆ.

ತೊಡಕುಗಳೂ ಇವೆ. ನೀರಿನ ಅಣುಗಳೇ ಆ ಜಾಗಕ್ಕೆ ಪೈಪೋಟಿ ಕೊಡುತ್ತವೆ. ಸರಿಯಾಗಿ ತೊಳೆಯದಿದ್ದರೆ ಹಳೇ ಔಷಧ ಸೋರಿ ಲೆಕ್ಕ ತಪ್ಪುತ್ತದೆ. ಒಂದು ಪಾಲಿಮರ್ ಒಂದು ಔಷಧವನ್ನು, ಹೆಚ್ಚೆಂದರೆ ಅದರ ಹತ್ತಿರದ ಬಳಗವನ್ನು ಹಿಡಿಯುತ್ತದೆ. ಹಲವು ಔಷಧಗಳನ್ನು ಒಟ್ಟಿಗೆ ಹೀರಲು ಬೇರೆ ದಾರಿಯಿದೆ. 2016ರಲ್ಲಿ ಅಮೆರಿಕದ ವಿಲಿಯಂ ಡಿಕ್ಟೆಲ್ ತಂಡ, ಪಿಷ್ಟದಿಂದ ಸಿಗುವ ಸೈಕ್ಲೋಡೆಕ್ಸ್ಟ್ರಿನ್ ಬಳಸಿ ಅಂಥ ಪಾಲಿಮರ್ ಮಾಡಿತು.

ಅಚ್ಚೊತ್ತಿದ ಪಾಲಿಮರನ್ನು ಹಳ್ಳಿಯ ನಲ್ಲಿಗಿಂತ ಮೊದಲು ಫ್ಯಾಕ್ಟರಿಯ ಕೊಳವೆಯಲ್ಲೇ ಕೂರಿಸಬೇಕು. ಔಷಧ ದಟ್ಟವಾಗಿರುವುದು ಅಲ್ಲಿ. ಹಿಡಿದ ಔಷಧವನ್ನು ಸುಟ್ಟು ವಿಲೇವಾರಿ ಮಾಡುವ ಹೊಣೆಯೂ ತಯಾರಿಸಿದವರದ್ದೇ. ಯಾವ ಘಟಕ ಏನು ತಯಾರಿಸುತ್ತದೆ ಅನ್ನುವುದು ಪರಿಸರ ಅನುಮತಿ ಪತ್ರದಲ್ಲೇ ಇರುತ್ತದೆ. ಕೊಳಾರಕ್ಕೆ ಯಾವ ಔಷಧದ ಅಚ್ಚು ಮೊದಲು ಬೇಕು ಅಂತ ಆ ಪಟ್ಟಿ ನೋಡಿಯೇ ಹೇಳಬಹುದು.